ಅಡುಗೆಮನೆ ನೋಡಿ ಹೆಣ್ಣು ಕೊಟ್ಟವಳು

ಗಂಡಿನ ಮನೆ ನೋಡಲು ಹೋದವರು ಏನು ನೋಡಬೇಕು? ನಮ್ಮ ಅಜ್ಜಂಪುರದ ಕಡೆ ಅದಕ್ಕೊಂದು ಕ್ರಮವೇ ಇತ್ತು. ಮೊದಲು ಹೊಲ, ಆಮೇಲೆ ಕೊಟ್ಟಿಗೆ, ಕೊನೆಗೆ ತಿಪ್ಪೆ. ತಿಪ್ಪೆ ಎತ್ತರವಾಗಿದ್ದರೆ ಮನೆಯಲ್ಲಿ ದನ ಇದೆ, ದನ ಇದ್ದರೆ ಗೊಬ್ಬರ, ಗೊಬ್ಬರ ಇದ್ದರೆ ರಾಗಿ. ಹುಡುಗನ ಮುಖ ಹೇಗಿದ್ದರೇನು. ಗಂಡಸರು ತಿಪ್ಪೆಯ ಸುತ್ತ ಒಂದು ಸುತ್ತು ಹಾಕಿ, ಮೀಸೆಯ ಮೇಲೆ ಕೈಯಾಡಿಸಿ, "ಆಗ್ಬೋದು" ಅಂದರೆ ಮುಗಿಯಿತು. ನನ್ನನ್ನು ಈ ಮನೆಗೆ ಕೊಟ್ಟಿದ್ದೂ ಹಾಗೇ. ಅಡುಗೆಮನೆಯನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ನಾನು ಬರುತ್ತಲೇ ಇರಲಿಲ್ಲ.

ಈ ಕ್ರಮವನ್ನು ತಲೆಕೆಳಗು ಮಾಡಿದವಳು ನನ್ನ ಓರಗಿತ್ತಿ ತೀರ್ಥಮ್ಮ. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದವಳು. ಅಣ್ಣತಮ್ಮಂದಿರು ಭಾಗವಾಗಿದ್ದರೂ ನಮ್ಮಿಬ್ಬರ ಮನೆಗಳಿಗೆ ಒಂದೇ ಗೋಡೆ, ಒಂದೇ ಹಿತ್ತಿಲು. ಮಗಳಿಗೆ ಗಂಡು ನೋಡಲು ಹೋದಲ್ಲಿ, ಗಂಡಸರು ತಿಪ್ಪೆ ಸುತ್ತುತ್ತಿರುವಾಗ ಅಕ್ಕ ಸೀದಾ ಒಳಗೆ ನುಗ್ಗಿ, ಒಲೆಯ ಮುಂದೆ ನಿಂತು, ತಲೆ ಎತ್ತಿ ಸೂರು ನೋಡುವಳು. ತೊಲೆಯಿಂದ ಮಸಿ ಜೋತಾಡುತ್ತಿದ್ದರೆ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಹೋಗ್ಬತ್ತೀವಿ ಕಣ್ರೀ" ಎಂದು ಎದ್ದುಬಿಡುವಳು. ಜೊತೆಗೆ ಹೋದ ನನಗೆ ಅರ್ಧ ತಿಂದ ಚಕ್ಕುಲಿ ಬಿಟ್ಟು ಏಳುವುದೇ ಪ್ರಾರಬ್ಧ.

ಅವಳಿಗೇನು ಹುಚ್ಚು ಎಂದು ಕೇಳುವವರಿಗೆ ನಾನು ಅವಳ ತಾಯಿಯ ಕತೆ ಹೇಳುತ್ತಿದ್ದೆ. ಆಕೆಗೆ ಐವತ್ತು ತುಂಬುವ ಮುಂಚೆಯೇ ಕಣ್ಣು ಮಸುಕಾಗಿ, ಎದೆ ಗೊರಗೊರ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ, "ಇವ್ರು ಬೀಡಿ ಎಷ್ಟು ಸೇದ್ತಾರೆ" ಎಂದು ಕೇಳಿದರಂತೆ. ಲಿಂಗ ಕಟ್ಟಿಕೊಂಡ ಹೆಂಗಸು, ಬೀಡಿ ಕಂಡರೆ ಮಾರು ದೂರ ನಿಲ್ಲುತ್ತಿದ್ದವಳು. ಆಕೆ ಸೇದಿದ್ದೆಲ್ಲ ಒಲೆಯ ಹೊಗೆ. ಆಕೆ ತೀರಿಕೊಂಡಾಗ ಅಕ್ಕ ಬಸುರಿ. ಹುಟ್ಟಿದ್ದು ಹೆಣ್ಣು, ಸಾವಿತ್ರಿ. ಆಮೇಲೆ ಮಕ್ಕಳಾಗಲಿಲ್ಲ. "ಏನೇ ಆಗ್ಲಿ ಕಾಂತಿ, ಇವ್ಳು ನಮ್ಮವ್ವನ ಹಂಗೆ ಹೊಗೇಲಿ ಸಾಯ್ಬಾರ್ದು ಕಣೇ" ಎಂದು ಬಾಣಂತಿ ಕೋಣೆಯಲ್ಲೇ ನನಗೆ ಹೇಳಿದ್ದಳು. ಬಾಣಂತಿಯ ಮಾತು, ನಾಳೆ ಮರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮರೆಯುವ ಜಾತಿಯಲ್ಲ.

ಎಪ್ಪತ್ತೆಂಟರಲ್ಲಿ ಕಡೂರಿನ ನಂಟರ ಮನೆಯಲ್ಲಿ ಅವಳು ಮೊದಲ ಸಲ ಗೋಬರ್ ಗ್ಯಾಸ್ ನೋಡಿದಳು. ಮದುವೆಗೆಂದು ಹೋದವಳು ಮುಹೂರ್ತ ಬಿಟ್ಟು ಅಡುಗೆಮನೆಯಲ್ಲೇ ನಿಂತಿದ್ದಳು. ಊರಿಗೆ ಬಂದು ನಮ್ಮ ಭಾವ ಸೋಮಶೇಖರಪ್ಪನ ಬೆನ್ನು ಬಿದ್ದಳು. ಭಾವನದು ಮಾತು ಕಡಿಮೆ, ಹೆಂಡತಿಯ ಮುಂದೆ ಇನ್ನೂ ಕಡಿಮೆ. ಬ್ಲಾಕ್ ಆಫೀಸಿಗೆ ಅಲೆದು, ಹಿತ್ತಿಲಲ್ಲಿ ಬಾವಿಯ ಹಾಗೆ ಗುಂಡಿ ತೋಡಿಸಿ, ಇಟ್ಟಿಗೆ ಕಟ್ಟಿಸಿ, ಮೇಲೊಂದು ಕಬ್ಬಿಣದ ಡ್ರಮ್ಮು ಬೋರಲು ಹಾಕಿಸಿದ. ಸಗಣಿಗೆ ನೀರು ಕಲೆಸಿ ಒಂದು ಕಡೆ ಸುರಿದರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ತಾನಾಗಿ ಮೇಲೇಳುತ್ತದೆ. ಒಲೆ ಉರಿಸಿದಂತೆ ಕೆಳಗಿಳಿಯುತ್ತದೆ. ಸತ್ತ್ವ ಬಿಟ್ಟ ಬಗ್ಗಡ ಇನ್ನೊಂದು ಕಡೆ ಹೊರಗೆ ಬರುತ್ತದೆ. ಸತ್ತ್ವ ಬಿಟ್ಟದ್ದು ಎಂದು ನಾವು ಅಂದುಕೊಂಡಿದ್ದೆವು. ಅದೇ ಒಳ್ಳೆಯ ಗೊಬ್ಬರ ಎಂದು ಆಮೇಲೆ ತಿಳಿಯಿತು. ಅವರಿಗಿದ್ದದ್ದು ಎರಡು ಎತ್ತು, ಗೌರಿ ಮತ್ತು ತುಂಗೆ ಎಂಬ ಎರಡು ಹಸು. ಅಷ್ಟು ದನದ ಸಗಣಿಗೆ ಎರಡು ಹೊತ್ತಿನ ಅಡುಗೆ ಸರಿಯಾಗಿ ಆಗುತ್ತಿತ್ತು.

ಊರವರು ಬಿಡುತ್ತಾರೆಯೇ. "ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು" ಎಂದು ಅವಳು ಕಂಡಾಗಲೆಲ್ಲ ಗಾದೆ ಹೇಳುವರು. ಸಗಣಿ ಗ್ಯಾಸಿನಲ್ಲಿ ಬೆಂದ ಅನ್ನವನ್ನು ದೇವರಿಗೆ ಎಡೆ ಇಡಬಹುದೇ ಎಂದು ನಮ್ಮ ಬೀದಿಯ ಲಕ್ಷ್ಮಣಪ್ಪ ಜಗಲಿಯ ಮೇಲೆ ಕೂತು ಕೇಳಿದ. ಅಕ್ಕ ನೀರಿನ ಕೊಡ ಕೆಳಗಿಳಿಸದೆ, "ಹಣೆ ತುಂಬ ವಿಭೂತಿ ಬಳ್ಕೊಂಡಿದೀಯಲ್ಲಪ್ಪಾ, ಅದ್ಯಾವ ಗಂಧದ ಮರದ್ದು?" ಎಂದು ಕೇಳಿ ನಡೆದಳು. ಲಕ್ಷ್ಮಣಪ್ಪನಿಗೆ ಅದು ಸಗಣಿ ಸುಟ್ಟ ಬೂದಿ ಎಂದು ಗೊತ್ತಿಲ್ಲದೆ ಏನಿಲ್ಲ. ಮಾರನೆಯ ವರ್ಷ ಅವನೂ ಗುಂಡಿ ತೋಡಿಸಿದ. ಅದಾದ ಮೇಲೆ ನಾವೂ ಹಾಕಿಸಿದೆವು.

ಬ್ಲಾಕ್ ಆಫೀಸಿನವರಿಗೆ ಇವಳ ಬಾಯಿಯ ಸುದ್ದಿ ಮುಟ್ಟಿ, ತರೀಕೆರೆಯ ಸಭೆಗೆ ಕರೆಸಿದರು. ಆಗೆಲ್ಲ ಮಳೆ ಕೈಕೊಟ್ಟರೆ ಅಣೆಕಟ್ಟೆ ತುಂಬುತ್ತಿರಲಿಲ್ಲ, ಅಣೆಕಟ್ಟೆ ತುಂಬದಿದ್ದರೆ ನಮಗೆ ಕರೆಂಟಿಲ್ಲ. ಬೆಂಗಳೂರಿನಿಂದ ಬಂದ ಸಾಹೇಬರೊಬ್ಬರು ರಾಜ್ಯಕ್ಕೆ ಮುಂದೆ ಎಷ್ಟು ಕರೆಂಟು ಬೇಕಾಗುತ್ತದೆ ಎಂದು ಉದ್ದಕ್ಕೆ ಮಾತಾಡಿ, "ತಾಯಂದಿರು ಯಾರಾದ್ರೂ ಎರಡು ಮಾತು ಹೇಳಿ" ಎಂದರು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

"ಸ್ವಾಮೀ, ಅಣೆಕಟ್ಟೆ ತುಂಬೋದು ಬಿಡೋದು ಮಳೆರಾಯನ ಕೈಲದೆ. ಹಸು ಸಗಣಿ ಹಾಕೋದು ಮಾತ್ರ ನಿಲ್ಸಲ್ಲ. ಬಿಸ್ಲೂ ನಿಂತಿಲ್ಲ, ಗಾಳೀನೂ ನಿಂತಿಲ್ಲ. ನಿಲ್ದೇ ಇರೋದನ್ನ ಬಿಟ್ಟು ನಿಂತೋಗೋದನ್ನೇ ಯಾಕೆ ನೆಚ್ಕೊಂಡಿದೀರಿ? ರಾಜ್ಯದಲ್ಲಿ ದನದ ಹಟ್ಟಿ ಎಷ್ಟದಾವೆ ನೋಡಿ. ಹಟ್ಟಿ ಇರೋ ಕಡೆಯೆಲ್ಲ ಒಂದೊಂದು ಡ್ರಮ್ಮು ಮಾಡ್ಸಿ. ಬೀದಿದೀಪ ಆಮೇಲೆ ಹಾಕ್ಸೋರಂತೆ, ಮೊದ್ಲು ಒಲೆ ನೋಡಿ. ಬೀದೀಲಿ ಯಾರೂ ಕೆಮ್ತಾ ಕೂತಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಸಾಹೇಬರೂ ತಟ್ಟಿದರು. ಆಮೇಲೆ ಅವಳನ್ನು ಶಿವನಿ, ಲಿಂಗದಹಳ್ಳಿ, ಅಂತರಘಟ್ಟೆ ಎಂದು ಊರೂರಿಗೆ ಮಾತಾಡಲು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ನಾನೂ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೇನೆ. ಜೀಪು ಅಂದರೆ ಅಕ್ಕನಿಗೆ ವಾಂತಿ. ಆದರೂ ಒಂದು ಸಲವೂ ಬರಲ್ಲ ಎನ್ನಲಿಲ್ಲ.

ಹೊರಗೆ ಇಷ್ಟೆಲ್ಲ ನಡೆದರೂ ಮನೆಯಲ್ಲಿ ಸಾವಿತ್ರಿಯ ಮದುವೆ ಕೂಡಿಬರುತ್ತಿರಲಿಲ್ಲ. ಮಸಿ ಇದ್ದ ಸೂರುಗಳನ್ನೆಲ್ಲ ಅಕ್ಕ ಬೇಡ ಎಂದಳು, ಮಸಿ ಇಲ್ಲದ ಸೂರು ಎಲ್ಲಿತ್ತು? ಹುಡುಗಿಗೆ ಇಪ್ಪತ್ತೆರಡಾಯಿತು. ಓರಗೆಯವರು ಕೈಗೂಸು ಎತ್ತಿಕೊಂಡು ತವರಿಗೆ ಬರತೊಡಗಿದರು. ಒಂದು ದಿನ ಸಾವಿತ್ರಿ ನನ್ನ ಹತ್ತಿರ ಬಂದು, "ಚಿಕ್ಕಮ್ಮ, ಹೊಗೆ ಇದ್ರೂ ಪರ್ವಾಗಿಲ್ಲ ಅಂತ ಅವ್ವಂಗೆ ನೀನಾದ್ರೂ ಹೇಳು" ಎಂದಳು. ನಾನು ಹೇಳಿದೆ. ಅಕ್ಕ ರಾಗಿ ಕೇರುತ್ತಿದ್ದವಳು ಮೊರ ಪಕ್ಕಕ್ಕಿಟ್ಟು, "ನಿಂಗೆ ಪರ್ವಾಗಿಲ್ದೆ ಇರ್ಬೋದು. ನಮ್ಮವ್ವನ್ನ ಹೊತ್ಕೊಂಡು ಆಸ್ಪತ್ರೆ ಮೆಟ್ಲು ಹತ್ತಿದೋಳು ನಾನು" ಎಂದಳು. ಅಷ್ಟೇ. ಮೊರ ಮತ್ತೆ ಕೈಗೆತ್ತಿಕೊಂಡಳು.

ಕೊನೆಗೆ ಎಂಬತ್ತಮೂರರಲ್ಲಿ ಕಡೂರಿನಾಚೆಯ ಹಳ್ಳಿಯೊಂದರಿಂದ ಸಂಬಂಧ ಬಂತು. ಹುಡುಗ ಷಡಕ್ಷರಿ, ಒಳ್ಳೆಯವನು. ಅಪ್ಪ ಈರಭದ್ರಪ್ಪ ತೆಂಗಿನ ತೋಟದ ಆಸಾಮಿ, ಹೆಂಡತಿ ಇಲ್ಲ. ಮನೆಯಲ್ಲಿ ಅವನ ಮುದಿ ತಾಯಿ ಈರಕ್ಕ ಮತ್ತು ಒಬ್ಬ ಕಿರಿಯ ಮಗ. ತೋಟ ನೋಡಿಯೇ ನಮ್ಮ ಗಂಡಸರ ಬಾಯಲ್ಲಿ ನೀರೂರಿತು. ಅಕ್ಕ ಸೂರು ನೋಡಿ ಹೊರಗೆ ಬಂದಳು. ಮುಖ ಕಂಡೇ ನಾನು ಚೀಲ ಎತ್ತಿಕೊಂಡೆ. ಆದರೆ ಈರಭದ್ರಪ್ಪನಿಗೆ ಇವಳ ಸುದ್ದಿ ಮೊದಲೇ ಗೊತ್ತಿತ್ತು.

"ಕೂತ್ಕೊಳ್ಳಿ ತೀರ್ಥಮ್ಮೋರೇ. ಮದ್ವೆ ಹೊತ್ಗೆ ಗ್ಯಾಸ್ ಹಾಕಿಸ್ತೀನಿ. ಆದ್ರೆ ನಮ್ಮನೇಲಿ ಇರೋದು ಒಂದು ಜೊತೆ ಎತ್ತು. ಅಷ್ಟು ಸಗಣಿಗೆ ಡ್ರಮ್ಮು ಏಳಲ್ಲ ಅಂತಾರೆ."

"ಗೌರಿ, ತುಂಗೇನ ಬಳುವಳಿ ಕೊಡ್ತೀನಿ" ಎಂದುಬಿಟ್ಟಳು ಅಕ್ಕ.

ಮದುವೆಯಲ್ಲಿ ತವರಿನಿಂದ ಹೆಣ್ಣಿನ ಜೊತೆ ಕೊಟ್ಟುಕಳಿಸುವುದು ಬಳುವಳಿ. ಹಸು ಕೊಡುವುದು ಇದ್ದದ್ದೇ. ಆದರೆ ಆ ಎರಡು ಹೋದರೆ ಅಕ್ಕನ ಕೊಟ್ಟಿಗೆಯಲ್ಲಿ ಉಳಿಯುವುದು ಎತ್ತು ಮಾತ್ರ. ಭಾವ ಅವಳ ಮುಖ ನೋಡಿದ. ಬಸ್ಸಿನಲ್ಲಿ ಬರುವಾಗ ನಾನೇ ಕೇಳಿದೆ, ನಿನ್ನ ಗ್ಯಾಸಿನ ಗತಿ ಏನು ಎಂದು. "ನಂದು ಹೆಂಗೋ ಆಗ್ತದೆ ಬಿಡು" ಎಂದು ಕಿಟಕಿಯ ಕಡೆ ತಿರುಗಿದಳು.

ಮದುವೆ ಆಯಿತು. ಗೌರಿ, ತುಂಗೆ ಹೋದವು. ಅಕ್ಕನ ಹಿತ್ತಿಲಿನ ಡ್ರಮ್ಮು ಇಳಿದು ಕೂತಿತು. ಊರೂರಿಗೆ ಗ್ಯಾಸ್ ಹಾಕಿಸಿದವಳು ಮತ್ತೆ ಸೌದೆ ಒಲೆ ಹೂಡಿದಳು. ನಮ್ಮ ಹಟ್ಟಿಯ ಸಗಣಿ ತಗೋ ಎಂದೆ. "ನಿನ್ನ ಒಲೆ ಆರ್ಸಿ ನನ್ನ ಒಲೆ ಹಚ್ಲೇನೇ?" ಎಂದು ಗದರಿದಳು. ಜೀಪು ಬಂದಾಗ ಮುಖ ತೊಳೆದುಕೊಂಡು ಹೋಗಿ ಗ್ಯಾಸಿನ ಗುಣಗಾನ ಮಾಡಿ ಬರುವಳು. ಅವಳ ಮನೆಯ ಸೂರು ಮಾತ್ರ ಕಪ್ಪಾಗುತ್ತ ಬಂತು. ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲೋ, ಆ ಬೀಗರ ಮೇಲೋ ಗೊತ್ತಾಗುತ್ತಿರಲಿಲ್ಲ.

ಮರುವರ್ಷ ಗೌರಿಹಬ್ಬಕ್ಕೆ ಮಗಳನ್ನು ಕರೆತರಲು ನಾವಿಬ್ಬರೂ ಹೋದೆವು. ಸೋನೆ ಹಿಡಿದಿತ್ತು. ಹೊಸಿಲು ದಾಟುವ ಮುಂಚೆಯೇ ಅಕ್ಕ ನಿಂತಳು. ಹಸಿ ತೆಂಗಿನ ಮಟ್ಟೆ ಸುಡುವ ಹೊಗೆಯ ವಾಸನೆ. ಸೀದಾ ಹಿತ್ತಿಲಿಗೆ ನಡೆದಳು. ಡ್ರಮ್ಮು ಗುಂಡಿಯೊಳಗೆ ಇಳಿದು, ಅಂಚಿನಲ್ಲಿ ಹುಲ್ಲು ಬೆಳೆದಿತ್ತು. ಅದರ ಕಬ್ಬಿಣದ ಕೊಳವೆಗೆ ಗೌರಿಯ ಕರುವನ್ನು ಕಟ್ಟಿದ್ದರು. ಪಕ್ಕದಲ್ಲಿ ತಿಪ್ಪೆ, ಹೋದ ವರ್ಷಕ್ಕಿಂತ ಒಂದು ಆಳು ಹೆಚ್ಚು ಎತ್ತರ.

ಸಾವಿತ್ರಿ ಹೊರಗೆ ಬಂದಳು. ಕಣ್ಣು ಕೆಂಡ. "ಯಾವಾಗ್ಲಿಂದ?" ಎಂದು ಅಕ್ಕ ಕೇಳಿದಳು. "ದೀಪಾವಳಿಯಿಂದ" ಎಂದು ಹುಡುಗಿ ತಲೆ ತಗ್ಗಿಸಿದಳು. ನನಗೆ ಅಲ್ಲೇ ಬಾಯಿ ತೆಗೆಯಬೇಕೆನಿಸಿತು. ಬೀಗರಿಗೆ ಬುದ್ಧಿ ಹೇಳಲು ನನಗೆ ಬರದ ಬೈಗುಳವೇ. ಅಕ್ಕ ನನ್ನ ಮೊಣಕೈ ಹಿಡಿದಳು. "ಸುಮ್ನಿರು. ಊಟಕ್ಕೆ ಕೂರಾಣ" ಎಂದಳು.

ಬೀಗಿತ್ತಿ ಬಂದಿದ್ದಾಳೆಂದು ಹೋಳಿಗೆ ಇಟ್ಟಿದ್ದರು. ಈರಭದ್ರಪ್ಪ ನಡುಮನೆಯಲ್ಲಿ ಮಣೆ ಹಾಕಿಸಿದ.

"ಬೀಗ್ರೇ, ನಾನು ಅಡಿಗೆಮನೇಲೇ ಕೂರ್ತೀನಿ. ಮಗಳ ಕೈ ಹೋಳಿಗೇನ ಕಾವಲಿಯಿಂದ ಬಿಸಿಬಿಸಿ ತಿನ್ಬೇಕು. ನೀವೂ ನನ್ನ ಪಂಕ್ತೀಲೇ ಕೂತ್ಕೋಬೇಕು" ಎಂದಳು ಅಕ್ಕ.

ಬೀಗರ ಆಸೆಯನ್ನು ಇಲ್ಲ ಎನ್ನುವಂತಿಲ್ಲ. ಇನ್ನೊಂದು: ಪಂಕ್ತಿಯಲ್ಲಿ ಬೀಗರು ಎಲೆ ಬಿಟ್ಟು ಏಳುವ ಮುಂಚೆ ಮನೆಯವರು ಏಳುವಂತಿಲ್ಲ. ಎದ್ದರೆ ಮಾನ ಹೋದಂತೆ. ಈರಭದ್ರಪ್ಪ, ಅವನ ಕಿರಿಯ ಮಗ, ಷಡಕ್ಷರಿ ಎಲ್ಲರೂ ಒಲೆಯ ಪಕ್ಕ ಗೋಡೆಗೊರಗಿ ಕೂತರು. ಸಾವಿತ್ರಿ ಮಟ್ಟೆ ತುರುಕಿ ಊದಿದಳು. ಹೊಗೆ ಎದ್ದು ಸೂರಿಗೆ ಹೋಗಿ, ಅಲ್ಲಿ ಜಾಗವಿಲ್ಲದೆ ನಮ್ಮ ತಲೆಯ ಮೇಲೆಯೇ ಇಳಿಯಿತು.

ಅಕ್ಕ ಉಂಡಳು ನೋಡಿ. ಒಂದು ಹೋಳಿಗೆಯನ್ನು ಹರಿದು ಹರಿದು, ತುಪ್ಪದಲ್ಲಿ ಅದ್ದಿ, ಹಾಲು ಹಾಕಿಸಿಕೊಂಡು, ಮತ್ತೆ ಇನ್ನೊಂದು ಕೇಳಿ. ಊರಲ್ಲಿ ಗುಬ್ಬಿಯಷ್ಟು ತಿನ್ನುವವಳು. ಈರಭದ್ರಪ್ಪ ಮೊದಲು ಮೂಗೆಳೆದ, ಆಮೇಲೆ ಟವೆಲಿನಿಂದ ಕಣ್ಣೊರೆಸಿದ, ಆಮೇಲೆ ಕೆಮ್ಮಲು ಶುರುಮಾಡಿದ. ಕಿರಿಯ ಮಗನ ಕಣ್ಣಿಂದ ನೀರು ಎಲೆಗೇ ಬೀಳುತ್ತಿತ್ತು.

"ಇನ್ನೊಂದು ಹಾಕವ್ವ" ಎಂದಳು ಅಕ್ಕ.

"ತೀರ್ಥಮ್ಮೋರೇ, ಸಾಕು ಮಾಡಿ. ಗೊತ್ತಾಯ್ತು ನಂಗೆ." ಈರಭದ್ರಪ್ಪ ಮತ್ತೆ ಕೆಮ್ಮಿದ. "ನಾನೇನು ಬೇಕಂತ ಮಾಡಿದ್ದಲ್ಲ. ಇವ್ನಿಗೂ ಹೆಣ್ಣು ನೋಡ್ತಿದೀವಿ. ಸಗಣಿಯೆಲ್ಲ ಗುಂಡಿಗೆ ಹೋಗಿ ತಿಪ್ಪೆ ಮೊಣಕಾಲುದ್ದ ಆಗಿತ್ತು. ಮನೆ ನೋಡೋಕ್ಕೆ ಬಂದೋರು ಏನಂತಾರೆ? ದನ ಇಲ್ದಿರೋ ಮನೆ ಅಂತ ಹೊಂಟೋಗ್ತಾರೆ."

ನನಗೆ ನಗು ಬಂತು, ಸೆರಗು ಬಾಯಿಗೆ ಹಿಡಿದೆ. ದೊಡ್ಡ ಮಗನಿಗೆ ಹೆಣ್ಣು ತರಲು ಗ್ಯಾಸ್ ಹಾಕಿಸಿ, ಚಿಕ್ಕವನಿಗೆ ತರಲು ಅದನ್ನೇ ನಿಲ್ಲಿಸಿದ್ದ ಮಹಾರಾಯ.

ಅಕ್ಕ ನಗಲಿಲ್ಲ. "ಬಗ್ಗಡ ಒಣಗಿಸಿ ತಿಪ್ಪೆಗೇ ಹಾಕ್ಸಿ ಬೀಗ್ರೇ, ತಿಪ್ಪೆ ಎಲ್ಲೂ ಹೋಗಲ್ಲ. ನನ್ನ ಮಗಳ ಕಣ್ಣು ಹೋದ್ರೆ ಬರಲ್ಲ. ನಂಗಿರೋಳು ಇವ್ಳೊಬ್ಳೇ" ಎಂದಳು.

ಆಗ ಮೂಲೆಯಲ್ಲಿ ಹಿಟ್ಟು ನಾದುತ್ತ ಕೂತಿದ್ದ ಮುದುಕಿ ಈರಕ್ಕ ತಲೆ ಎತ್ತದೆಯೇ ಮಾತಾಡಿದಳು. "ಈ ಮನೆಗೆ ಬಂದಾಗ್ಲಿಂದ ನಾನು ಇದೇ ಹೊಗೇಲಿ ಬೇಯ್ಸಿ ಹಾಕ್ದೆ. ನಿನ್ನ ಹೆಂಡ್ತೀನೂ ಇಲ್ಲೇ ಕೆಮ್ಮಿ ಕೆಮ್ಮಿ ಹೋದ್ಲು. ಒಂದಿನ ನಮ್ಮ ಪಕ್ಕ ಕೂತು ಉಂಡಿದ್ಯೇನೋ ಈರಭದ್ರ?"

ಈರಭದ್ರಪ್ಪ ಎಲೆ ನೋಡುತ್ತ ಕೂತಿದ್ದ. ಅಕ್ಕ ಎಲೆ ಮಡಚಿ ಎದ್ದಳು.

ಸಾವಿತ್ರಿಯನ್ನು ಹಬ್ಬಕ್ಕೆ ಕರೆತಂದೆವು. ಬಂದವಳು ತವರಿನ ಹಿತ್ತಿಲು ನೋಡಿದಳು, ಅಡುಗೆಮನೆಯ ಸೂರು ನೋಡಿದಳು, ಅಮ್ಮನನ್ನು ತಬ್ಬಿಕೊಂಡು ಅತ್ತಳು. "ಮಳೆಗಾಲ ಕಣೇ, ಸಗಣಿ ಸಾಲ್ತಿಲ್ಲ, ಆಮೇಲೆ ಸರಿಹೋಗ್ತದೆ" ಎಂದು ಅಕ್ಕ ಸುಳ್ಳು ಹೇಳಿದಳು. ಹುಡುಗಿ ದಡ್ಡಿಯಲ್ಲ. ಹಬ್ಬ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಅಲ್ಲಿ ಡ್ರಮ್ಮು ಮತ್ತೆ ಎದ್ದಿದೆ ಎಂದು ಷಡಕ್ಷರಿಯ ಕಾಗದ ಬಂತು. ಅಕ್ಕ ಅದನ್ನು ನನ್ನ ಕೈಲಿ ಮತ್ತೆ ಮತ್ತೆ ಓದಿಸಿದಳು. ಅವಳಿಗೆ ಅಷ್ಟು ಸಾಕಾಗಿತ್ತು. ತನ್ನ ಒಲೆಯ ಮುಂದೆ ಕೂತು ಊದುವಾಗಲೂ ಒಂಥರಾ ನಿಶ್ಚಿಂತೆಯಿಂದ ಊದುತ್ತಿದ್ದಳು. ಕಣ್ಣು ಮಾತ್ರ ಅವರವ್ವನ ಕಣ್ಣಿನ ಹಾಗೆ ಮಸುಕಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುವಳು.

ಎಂಬತ್ತಾರರ ಬೇಸಿಗೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಬೀದಿಯ ತುದಿಯಲ್ಲಿ ಈರಭದ್ರಪ್ಪ ಎರಡು ದನ ಹೊಡೆದುಕೊಂಡು ಬರುತ್ತಿದ್ದ. ನನ್ನ ಕೈಯ ಚೊಂಬು ಅಲ್ಲೇ ನಿಂತಿತು. ನಮ್ಮಲ್ಲಿ ಬಳುವಳಿ ಹಿಂದಕ್ಕೆ ಬರುವುದೆಂದರೆ ಒಂದೇ ಅರ್ಥ: ಹೆಣ್ಣು ಬೇಡವಾಗಿದೆ, ಸಂಬಂಧ ಮುರಿಯಿತು. ಜಗಲಿಯ ಮೇಲಿದ್ದ ಲಕ್ಷ್ಮಣಪ್ಪ ಎದ್ದು ನಿಂತ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅಕ್ಕ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಕಂಬ ಹಿಡಿದುಕೊಂಡಳು.

"ಯಾವ್ದು ಕಾಂತಿ ಅವು? ಗೌರೀನಾ? ಸಾವಿತ್ರಿ ಎಲ್ಲಿ?"

ಈರಭದ್ರಪ್ಪ ಹತ್ತಿರ ಬಂದ. ದಾರಿಯಲ್ಲಿ ರಾತ್ರಿ ತಂಗಿ ನಡೆದೇ ಬಂದಿದ್ದ, ಕಾಲೆಲ್ಲ ಧೂಳು. ಅಕ್ಕನ ಮುಖ ಕಂಡು ಅವನಿಗೇ ಗಾಬರಿಯಾಯಿತು.

"ಅಯ್ಯೋ, ಬಳುವಳಿ ಅಲ್ಲ ಕಣ್ರವ್ವಾ. ಗೌರಿ, ತುಂಗೆ ಅಲ್ಲೇ ಅದಾವೆ, ನಿಮ್ಮ ಮಗ್ಳೂ ಚೆನ್ನಾಗಿದಾಳೆ, ಮೂರು ತಿಂಗ್ಳ ಬಸ್ರಿ. ಇವು ಅವುಗಳ ಹೊಟ್ಟೇಲಿ ಹುಟ್ಟಿದ ಕಡಸು. ನಮ್ಮನೇಲಿ ಹುಟ್ಟಿದ ಹೆಣ್ಣುಮಕ್ಳು."

ಅಕ್ಕ ಹಾಗೇ ಜಗಲಿಯ ಮೇಲೆ ಕೂತಳು. ಈರಭದ್ರಪ್ಪ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಕೇಳದೆಯೇ ಸೀದಾ ಅವಳ ಅಡುಗೆಮನೆಗೆ ಹೋದ. ಒಲೆಯ ಮುಂದೆ ನಿಂತು, ತಲೆ ಎತ್ತಿ, ತೊಲೆಯಿಂದ ತೊಲೆಗೆ ಸೂರು ನೋಡಿದ. ಹೊರಗೆ ಬಂದಾಗ ಅವನ ಮುಖ ಚಿಕ್ಕದಾಗಿತ್ತು.

"ಸೊಸೆ ಹೇಳಿದ್ಲು, ನಾನು ನಂಬಿರ್ಲಿಲ್ಲ. ಇಂಥ ಸೂರಿರೋ ಮನೆಗೆ ಹೆಣ್ಣು ಕೊಡ್ಬಾರ್ದು ತೀರ್ಥಮ್ಮೋರೇ, ಅದು ನಿಮ್ಮದೇ ಮಾತು. ಆದ್ರೂ ಕೊಡ್ತಿದೀನಿ. ಒಬ್ರನ್ನಲ್ಲ, ಇಬ್ರನ್ನ."

ಅಕ್ಕ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು, ಆರತಿ, ತುಂಬಿದ ಸೇರಕ್ಕಿ. ಗಂಡುಮಕ್ಕಳಿಲ್ಲದ ಅವಳಿಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಬಂದೇ ಇರಲಿಲ್ಲ. ಕಡಸುಗಳ ಕಾಲು ತೊಳೆದು, ಹಣೆಗೆ ಕುಂಕುಮ ಇಟ್ಟು, ಆರತಿ ಎತ್ತಿ, ಸೇರನ್ನು ಹೊಸಿಲ ಮೇಲೆ ಇಟ್ಟಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೀದಿಯ ಹೆಂಗಸರು ನಗುತ್ತಲೇ ಸೋಬಾನೆ ಹೇಳಿದರು. ಗೌರಿಯ ಮಗಳು ಸೇರನ್ನು ಒದೆಯಲಿಲ್ಲ, ಬಾಯಿ ಹಾಕಿ ಅಕ್ಕಿ ತಿಂದಳು. ತಿಂದು, ಬಾಲ ಎತ್ತಿ, ಹೊಸಿಲ ಮುಂದೆಯೇ ಸಗಣಿ ಹಾಕಿದಳು.

ಅಕ್ಕ ಆರತಿ ತಟ್ಟೆಯನ್ನು ನನಗೆ ಕೊಟ್ಟಳು. ಬಗ್ಗಿ ಎರಡು ಕೈಯಲ್ಲಿ ಸಗಣಿ ಬಾಚಿಕೊಂಡು, ಬೀಗರು ಬಾಗಿಲಲ್ಲಿ ನಿಂತಿರುವಂತೆಯೇ, ಹಿತ್ತಿಲಿನ ಗುಂಡಿಯ ಕಡೆ ನಡೆದಳು.